ಗದ್ದೆಗೆ ಗೋಡೆ ಕಟ್ಟಿದವರು

ತೆಕ್ಕಟ್ಟೆಯ ನಮ್ಮ ಮನೆಯ ಮಾಳಿಗೆಯಲ್ಲಿ ಹತ್ತಕ್ಕೆ ಹನ್ನೆರಡು ಅಡಿಯ ಒಂದು ಕೋಣೆ ಇದೆ. ಮೂಡು ಬದಿಗೆ ಹೆದ್ದಾರಿ, ಪಡು ಬದಿಗೆ ಕಡಲು. ಎರಡೂ ಹಗಲು ರಾತ್ರಿ ಸುಮ್ಮನಿರುವ ಜಾತಿಯವಲ್ಲ. ಗೋಡೆಗೆ ಹತ್ತಿಯ ಹಳೇ ಹಾಸಿಗೆ ಒರಗಿಸಿದ್ದೇನೆ, ಬಾಗಿಲಿಗೆ ಎರಡು ಪದರ ಕಂಬಳಿ. ಒಂದು ಲ್ಯಾಪ್‌ಟಾಪು, ಎರಡು ಮೈಕು, ಒಂದು ಹೆಡ್‌ಫೋನು. ಇಲ್ಲಿ ಕೂತು ಯಕ್ಷಗಾನದ ಭಾಗವತರ ಪದ, ಮದ್ದಳೆ, ಚಂಡೆ ರೆಕಾರ್ಡ್ ಮಾಡುತ್ತೇನೆ. ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ನನಗೆ ಕೆಲಸ ಜಾಸ್ತಿ. ಮಳೆ ಜಾಸ್ತಿಯಾಗುವುದೂ ಆಗಲೇ. ಒಂದು ಪದ ಹಾಡಿ ಮುಗಿಸುವಷ್ಟು ಹೊತ್ತು ಆಕಾಶ ಬಾಯಿ ಮುಚ್ಚಿಕೊಂಡರೆ ಅದೇ ನಮ್ಮ ಭಾಗ್ಯ.

ಕೋಟ, ಸಾಲಿಗ್ರಾಮ, ಬ್ರಹ್ಮಾವರದ ಕಡೆಯಿಂದ ಹುಡುಗರು ಬರುತ್ತಾರೆ. ಎಲ್ಲರ ಮನೆಯಲ್ಲೂ ಈಗ ಇಂಥದೇ ಒಂದು ಕೋಣೆ. ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಅಣ್ಣಾ, ರಿವರ್ಬಿಗೆ ಯಾವ ಪ್ಲಗಿನ್ ಹಾಕ್ತ್ರಿ?" ಪ್ಲಗಿನ್ ಎಂದರೆ ರೆಕಾರ್ಡಿಂಗಿನ ತಂತ್ರಾಂಶದೊಳಗೆ ಕೂರಿಸುವ ಇನ್ನೊಂದು ಸಣ್ಣ ತಂತ್ರಾಂಶ. ದನಿಯನ್ನು ಅದರೊಳಗೆ ಹಾಯಿಸಿದರೆ ಒಂದು ದೇವಸ್ಥಾನದಲ್ಲಿ ಹಾಡಿದಂತೆ ಮಾಡುತ್ತದೆ, ಇನ್ನೊಂದು ದಪ್ಪ ಮಾಡುತ್ತದೆ, ಮತ್ತೊಂದು ಅಪಶ್ರುತಿಯನ್ನು ಎಳೆದು ಸರಿ ಮಾಡುತ್ತದೆ. ಹುಡುಗರ ಪರದೆಯಲ್ಲಿ ಇಂಥವು ನೂರಾರು. ನಾನು ಪ್ಲಗಿನ್ನಿನ ಹೆಸರು ಹೇಳುವ ಮೊದಲು ಅಪ್ಪಯ್ಯನ ಮೈಕ್ ಸೆಟ್ಟಿನ ಕತೆ ಹೇಳುತ್ತೇನೆ. ಹುಡುಗರು ಮರ್ಯಾದೆಗೆ ಕೂತು ಕೇಳುತ್ತಾರೆ. ಒಮ್ಮೆ ಬರೆದಿಟ್ಟರೆ ಅವರಿಗೂ ನನಗೂ ಸಮಯ ಉಳಿದೀತು.

ಮೈಕಿಗಿಂತ ಹಿಂದಿನದ್ದು ನಾನು ಕಂಡದ್ದಲ್ಲ, ಅಜ್ಜಯ್ಯ ಹೇಳಿದ್ದು. ಕೊಯ್ಲಾಗಿ ಕೂಳೆ ಉಳಿದ ಗದ್ದೆ. ನಾಲ್ಕು ಕಂಬ ನೆಟ್ಟು ಮಾವಿನ ಸೊಪ್ಪು ಕಟ್ಟಿದರೆ ಅದು ರಂಗಸ್ಥಳ. ಮೊದಲು ದೊಂದಿ, ಆಮೇಲೆ ಗ್ಯಾಸ್‌ಲೈಟು. ಸಂಜೆ ಚಂಡೆ ಮದ್ದಳೆ ಬಾರಿಸಿ ಊರಿಗೆ ಆಟದ ಸುದ್ದಿ ಮುಟ್ಟಿಸುವುದಕ್ಕೆ ‘ಕೇಳಿ’ ಎಂದೇ ಹೆಸರು. ಆ ಹೆಸರಿನಲ್ಲೇ ಕಿವಿಗೆ ಕರೆ ಇದೆ. ಆಮೇಲೆ ರಾತ್ರಿಯಿಡೀ ಒಬ್ಬ ಮನುಷ್ಯನ ಗಂಟಲು, ಗದ್ದೆಯ ಕೊನೆಯ ಅಂಚಿನಲ್ಲಿ ಚಾಪೆ ಹಾಸಿಕೊಂಡವನವರೆಗೆ ಮುಟ್ಟಬೇಕು. ಗೋಡೆ ಇಲ್ಲ, ಮಾಡಿಲ್ಲ, ಹೋದ ದನಿಯನ್ನು ವಾಪಸು ಕಳಿಸುವ ವಸ್ತು ಒಂದೂ ಇಲ್ಲ. ಕೆಳಗೆ ಮಣ್ಣು, ಸುತ್ತ ಮೈತುಂಬ ಬಟ್ಟೆ ಹೊದ್ದ ಜನ. ಇವೆರಡೂ ಸದ್ದನ್ನು ನುಂಗುವವೇ. ಬಯಲಾಟದ ‘ಬಯಲು’ ಎಂಬ ಮಾತಿಗೆ ನನ್ನ ಕಸುಬಿನ ಲೆಕ್ಕದಲ್ಲಿ ಅರ್ಥ ಇಷ್ಟೇ: ಅಲ್ಲಿ ರಿವರ್ಬ್, ಅಂದರೆ ಗೋಡೆ ವಾಪಸು ಕಳಿಸುವ ಮೊಳಗು, ಸೊನ್ನೆ.

ಹಾಗಾದರೆ ಆ ಕಾಲದ ‘ಎಫೆಕ್ಟು’ ಯಾವುದು? ಶ್ರುತಿ. ಏರಿಸಿ ಹಾಡಿದರೆ ದೂರ ಹೋಗುತ್ತದೆ. ನಮ್ಮ ಕಿವಿ ತಗ್ಗು ಸ್ವರಕ್ಕಿಂತ ಏರು ಸ್ವರಕ್ಕೆ ಬೇಗ ಎಚ್ಚರಾಗುತ್ತದೆ. ನಮ್ಮ ಬಡಗುತಿಟ್ಟಿನ ಯಕ್ಷಗಾನದಲ್ಲಿ ಏರು ಮದ್ದಳೆಯನ್ನು ಬಳಕೆಗೆ ತಂದ ಕೀರ್ತಿ ಹಿರಿಯಡಕ ಗೋಪಾಲ ರಾಯರದ್ದು. ಅಮೆರಿಕದ ಮಾರ್ತಾ ಆಷ್ಟನ್ ಇಲ್ಲಿಗೆ ಬಂದು ಯಕ್ಷಗಾನ ಕಲಿತದ್ದು ಅವರ ಹತ್ತಿರವೇ; ಆಕೆ ಬ್ರೂಸ್ ಕ್ರಿಸ್ಟಿಯವರ ಜೊತೆ ಬರೆದ ಇಂಗ್ಲಿಷ್ ಪುಸ್ತಕ 1977ರಲ್ಲಿ ಬಂತು. ರಾಯರು ನೂರು ದಾಟಿ 2020ರಲ್ಲಿ ತೀರಿಕೊಂಡರು. ಅವರ ಮದ್ದಳೆಯ ಹಳೆಯ ರೆಕಾರ್ಡಿಂಗನ್ನು ಕಂಪ್ಯೂಟರಿನಲ್ಲಿ ತೆರೆದಾಗೆಲ್ಲ ನನಗೆ ಅನಿಸುವುದುಂಟು: ಈಕ್ವಲೈಸರಿನಲ್ಲಿ ನಾನು ಗುಬ್ಬಿ ತಿರುಗಿಸಿ ಮಾಡುವ ಕೆಲಸವನ್ನು ಇವರು ಚರ್ಮ ಬಿಗಿದು ಮಾಡಿದ್ದಾರೆ.

ಇನ್ನು ಅಪ್ಪಯ್ಯನ ಕತೆ. ಎಪ್ಪತ್ತರ ದಶಕದ ಒಂದು ವರ್ಷ ಅವರು ಸೆಕೆಂಡ್ ಹ್ಯಾಂಡ್ ಅಹುಜಾ ಆಂಪ್ಲಿಫಯರು ತಂದರು. ದಿಲ್ಲಿಯ ಈ ಕಂಪನಿ ಶುರುವಾದದ್ದು 1940ರಲ್ಲಿ. ಭಾರತದ ಜಾತ್ರೆ, ಮದುವೆ, ಚುನಾವಣೆಗಳ ಸದ್ದಿನ ಚರಿತ್ರೆ ಯಾರಾದರೂ ಬರೆದರೆ ಮೊದಲ ಅಧ್ಯಾಯ ಅದಕ್ಕೆ ಹೋಗಬೇಕು. ಜೊತೆಗೆ ಎರಡು ಹಾರ್ನು, ಒಂದು ಮೈಕು, ಲಾರಿಯ ಒಂದು ಬ್ಯಾಟರಿ. ಕರೆಂಟಿಲ್ಲದ ಗದ್ದೆಗೆ ಬ್ಯಾಟರಿಯನ್ನು ಇಬ್ಬರು ಹೆಡಿಗೆಯಲ್ಲಿ ಹೊತ್ತು ತರುತ್ತಿದ್ದರು. ತೆಂಗಿನ ಮರ ಹತ್ತಿ ಹಾರ್ನು ಕಟ್ಟುವುದು ನನ್ನ ಕೆಲಸ, ಇಳಿದ ಮೇಲೆ "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಎನ್ನುವುದೂ ನನ್ನದೇ. ಅಷ್ಟು ಹೇಳುವ ಆಸೆಗೆ ಎಷ್ಟು ಮರ ಬೇಕಾದರೂ ಹತ್ತುತ್ತಿದ್ದೆ. ದೂರದಲ್ಲಿ ನಿಂತ ಅಪ್ಪಯ್ಯ ಕೂಗುತ್ತಿದ್ದರು: "ಕೇಂತಿಲ್ಲೆ ಮಗಾ, ಇನ್ನೊಂಚೂರ್ ತಿರ್ಗ್ಸ್!"

ಹಾರ್ನಿನ ಗುಣ ಏನೆಂದರೆ ಅದು ತಗ್ಗಿನ ಸ್ವರವನ್ನು ಹೊರಗೇ ಬಿಡುವುದಿಲ್ಲ, ತೀರಾ ಮೇಲಿನದ್ದನ್ನೂ ಬಿಡುವುದಿಲ್ಲ. ನಡುವಿನದ್ದನ್ನು ಮಾತ್ರ ಮೂಗಿನಿಂದ ಒದರುತ್ತದೆ. ಮದ್ದಳೆಯ ಎಡದ ಗುಂಕಾರ ಅದರಲ್ಲಿ ಸತ್ತೇ ಹೋಗುತ್ತಿತ್ತು. ಆದರೂ ಮೈಕು ಭಾಗವತರಿಗೆ ಒಂದು ಉಪಕಾರ ಮಾಡಿತು. ಸಣ್ಣ ದನಿಯಲ್ಲೂ ಹಾಡಬಹುದು ಎಂದಾಯಿತು. ಕರುಣದ ಪದವನ್ನು ಕರುಣದಲ್ಲೇ, ಕೂಗದೆ, ಉಸಿರು ಕೇಳಿಸುವಷ್ಟು ಮೆತ್ತಗೆ ಹೇಳುವ ಸೌಕರ್ಯ ಮೈಕಿನ ಮೊದಲು ಯಾರಿಗಿತ್ತು? ಮೈಕು ಯಕ್ಷಗಾನವನ್ನು ಕೆಡಿಸಿತು ಎನ್ನುವವರ ಹತ್ತಿರ ನಾನು ಇದೊಂದನ್ನು ಹೇಳಿ ಸುಮ್ಮನಾಗುತ್ತೇನೆ. ಕೆಡಿಸಿದ್ದು ಮೈಕಲ್ಲ, ಅದರ ಹಿಂದೆ ಬಂದದ್ದು.

ಹಿಂದೆ ಬಂದದ್ದು ಎಕೋ.

ನನಗೆ ನೆನಪಿರುವಂತೆ ಎಂಬತ್ತರ ದಶಕದ ನಡುವಿನಲ್ಲಿ ನಮ್ಮ ಪಕ್ಕದೂರಿನ ಮೈಕ್ ಸೆಟ್ಟಿನವರು ಎಕೋ ಇರುವ ಆಂಪ್ಲಿಫಯರು ತಂದರು. ‘ಎಕೋ’ ಎಂದು ಬರೆದ ಒಂದೇ ಗುಬ್ಬಿ. ತಿರುಗಿಸಿದರೆ "ಶ್ರೀ" ಎಂದದ್ದು "ಶ್ರೀ ಶ್ರೀ ಶ್ರೀ" ಎನ್ನುತ್ತ ತೆಂಗಿನ ತೋಟದ ಆಚೆಗೆ ಹೋಗುತ್ತಿತ್ತು. ಒಂದೇ ತಿರುಗಾಟದೊಳಗೆ ಅಪ್ಪಯ್ಯನಿಗೆ ಬರುತ್ತಿದ್ದ ಆಟಗಳು ಅರ್ಧಕ್ಕರ್ಧ ಕಮ್ಮಿಯಾದವು. ಆಟ ಆಡಿಸುವ ಮನೆಯವರು ಮುಖಕ್ಕೇ ಹೇಳಿದರು, "ಎಕೋ ಇದ್ರ್ ಮಾತ್ರ ಬನ್ನಿ." ಮರುವರ್ಷ ಅಪ್ಪಯ್ಯನೂ ಸಾಲ ಮಾಡಿ ಎಕೋ ತಂದರು. ಜೋಡಾಟಗಳಲ್ಲಿ ಇದರ ಪೂರ್ತಿ ಅವತಾರ ಕಾಣಬೇಕಿತ್ತು. ಒಂದೇ ಗದ್ದೆಯಲ್ಲಿ ಅಕ್ಕಪಕ್ಕ ಎರಡು ರಂಗಸ್ಥಳ, ಎರಡು ಮೇಳ, ಒಂದೇ ಪ್ರಸಂಗ. ಹಿಂದೆ ಅದು ಗಂಟಲಿಗೆ ಗಂಟಲು, ಚಂಡೆಗೆ ಚಂಡೆ ಕೊಡುತ್ತಿದ್ದ ಸವಾಲು. ಈಗ ಗುಬ್ಬಿಗೆ ಗುಬ್ಬಿಯ ಸವಾಲೂ ಸೇರಿತು. ಆ ಕಡೆಯವರು ಏರಿಸಿದರೆ ಈ ಕಡೆಯವರು ಇನ್ನಷ್ಟು. ಬೆಳಗಿನ ಜಾವಕ್ಕೆ ಯಾವ ರಾಜ ಯಾವ ರಾಕ್ಷಸನಿಗೆ ಏನಂದನೆಂದು ದೇವರಿಗೇ ಗೊತ್ತು.

ಇಲ್ಲೊಂದು ವಿಚಿತ್ರ ಇದೆ. ನಮ್ಮ ಕೋಟದ ಶಿವರಾಮ ಕಾರಂತರು ಯಕ್ಷಗಾನದ ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೋಫೋನು ಸೇರಿಸಿ ಪ್ರಯೋಗ ಮಾಡಿದರು. ‘ಯಕ್ಷಗಾನ ಬಯಲಾಟ’ ಎಂಬ ಪುಸ್ತಕಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು ಅವರು; ಆದರೂ ಪರಂಪರೆ ಹೋಯಿತು ಎನ್ನುವ ಟೀಕೆ ತಪ್ಪಲಿಲ್ಲ. ಸ್ಯಾಕ್ಸೋಫೋನು ಕಣ್ಣಿಗೆ ಕಾಣುತ್ತದಲ್ಲ, ಹಿತ್ತಾಳೆ ಹೊಳೆಯುತ್ತದೆ. ಎಕೋ ಕಾಣುವುದಿಲ್ಲ. ಯಾವ ವಿಚಾರಗೋಷ್ಠಿಯನ್ನೂ ಕೇಳದೆ, ಎಸ್‌ಎಸ್‌ಎಲ್‌ಸಿ ಫೇಲಾದ ನನ್ನಂಥ ಹುಡುಗರ ಎರಡು ಬೆರಳಿನ ಮೂಲಕ ಅದು ರಂಗಸ್ಥಳ ಹೊಕ್ಕಿತು. ಗೋಡೆಯಿಲ್ಲದ ಕಲೆಗೆ ಗೋಡೆ ಕಟ್ಟಿದವರು ನಾವು, ಮೈಕ್ ಸೆಟ್ಟಿನವರು.

ಈ ಗೋಡೆ ಕಟ್ಟುವ ವಿದ್ಯೆ ಎಲ್ಲಿಂದ ಬಂತೆಂದು ನಾನು ಹುಡುಕಿದ್ದು ಬಹಳ ಕಾಲದ ನಂತರ. 1947ರಲ್ಲಿ ಶಿಕಾಗೋದ ಬಿಲ್ ಪಟ್ನಮ್ ಎಂಬ ಎಂಜಿನಿಯರು ಬಾಯಿಹಾರ್ಮೋನಿಯಂ ನುಡಿಸುವ ಒಂದು ತಂಡವನ್ನು ರೆಕಾರ್ಡ್ ಮಾಡುವಾಗ, ಆ ಸದ್ದನ್ನು ಬಚ್ಚಲುಕೋಣೆಯಲ್ಲಿಟ್ಟ ಸ್ಪೀಕರಿಗೆ ಕಳಿಸಿ, ಅಲ್ಲಿ ಮೊಳಗಿದ್ದನ್ನು ಇನ್ನೊಂದು ಮೈಕಿನಲ್ಲಿ ಹಿಡಿದು ಬೆರೆಸಿದ. ಬೇಕೆಂದೇ ಬೆರೆಸಿದ ಪ್ರತಿಧ್ವನಿಯ ಮೊದಲ ದೊಡ್ಡ ಗೆಲುವು ಅದು. ಬಚ್ಚಲಿನಲ್ಲಿ ಎಲ್ಲರೂ ಗಾಯಕರಾಗುವುದು ಸುಮ್ಮನೆ ಅಲ್ಲ. ಹತ್ತು ವರ್ಷ ಬಿಟ್ಟು, 1957ರಲ್ಲಿ, ಜರ್ಮನಿಯ ಇಎಂಟಿ ಕಂಪನಿ ಬಚ್ಚಲಿನ ಬದಲು ದೊಡ್ಡ ಉಕ್ಕಿನ ತಗಡೊಂದನ್ನು ಚೌಕಟ್ಟಿಗೆ ಬಿಗಿದು ನಡುಗಿಸಿತು; ಆ ಯಂತ್ರದ ತೂಕ ಕಾಲು ಟನ್ನಿಗೂ ಹೆಚ್ಚು. ಇಟಲಿಯ ಬಿನ್ಸನ್, ಇಂಗ್ಲೆಂಡಿನ ವಾಟ್ಕಿನ್ಸ್, 1974ರಲ್ಲಿ ಜಪಾನಿನ ರೋಲ್ಯಾಂಡ್ ಕಾಂತದ ತಟ್ಟೆ, ಕಾಂತದ ಟೇಪು ತಿರುಗಿಸಿ ಎಕೋ ಮಾಡಿದವು. 1969ರಲ್ಲಿ ಫಿಲಿಪ್ಸ್ ಕಂಪನಿಯ ಇಬ್ಬರು ಕಂಡುಹಿಡಿದ ಬಿಬಿಡಿ ಎಂಬ ಚಿಪ್ಪಿಗೆ ಈ ಯಾವ ತಿರುಗುವ ಭಾಗವೂ ಬೇಡವಾಯಿತು. ಬೆಂಕಿ ಬಿದ್ದಾಗ ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡಪಾನ ದಾಟಿಸುವುದಿಲ್ಲವೇ, ಹಾಗೆ ಸದ್ದಿನ ಒಂದೊಂದು ತುಣುಕನ್ನು ಸಾವಿರಾರು ಪುಟ್ಟ ಕೋಶಗಳ ಮೂಲಕ ದಾಟಿಸಿ ತಡ ಮಾಡುವುದು. ಆಮೇಲೆ ತೈವಾನಿನ ಪಿಟಿ2399 ಎಂಬ ಚಿಪ್ಪು ಕರಾವೋಕೆಗೆಂದು ಬಂತು. ಕೆಟ್ಟ ಮಿಕ್ಸರುಗಳನ್ನು ರಿಪೇರಿಗೆ ಬಿಚ್ಚಿದಾಗ ಎಷ್ಟೋ ಸಲ ನನಗೆ ಸಿಕ್ಕಿದ್ದು ಅದೇ, ಉಗುರಿನಷ್ಟಗಲದ ಕರೀ ಹುಳ. ಹದಿನಾರು ಕಾಲು.

ಅತ್ತ ರೇಡಿಯೋದವರು ಬೇರೆಯೇ ದಾರಿ ಹಿಡಿದಿದ್ದರು. ಮಂಗಳೂರು ಆಕಾಶವಾಣಿ ಶುರುವಾದದ್ದು 1976ರ ಡಿಸೆಂಬರಿನಲ್ಲಿ. ರೇಡಿಯೋ ಸ್ಟುಡಿಯೋದ ಗೋಡೆ ಸದ್ದನ್ನು ಹೀರುವ ಗೋಡೆ, ಹಾಗಾಗಿ ಅಲ್ಲಿ ಹಾಡಿದ ಪದ ಒಣಗಿದ ಪದ. ನಮ್ಮ ಮನೆಯ ರೇಡಿಯೋದಲ್ಲಿ ತಾಳಮದ್ದಳೆ ಬಂದಾಗ ಅಜ್ಜಯ್ಯ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ನಾನು ಎಕೋ ಇಲ್ಲದ್ದಕ್ಕೆ ಸಪ್ಪೆ ಎಂದೆ. ಅವರು, "ಸಪ್ಪೆ ಅಲ್ದಾ, ಇದ್ ಗದ್ದೆಯಗೆ ಕೂತ್ ಕೇಂಡಂಗೆ ಇತ್ತ್" ಎಂದರು. ನನಗೆ ಆಗ ಅರ್ಥವಾಗಲಿಲ್ಲ. ಗದ್ದೆಯಲ್ಲಿ ಎಕೋ ಮೆರೆಯುತ್ತಿದ್ದ ಹೊತ್ತಿಗೆ, ಗದ್ದೆಯ ಹಳೆಯ ಸದ್ದು ಮಂಗಳೂರಿನ ಒಂದು ಮುಚ್ಚಿದ ಕೋಣೆಯಲ್ಲಿ ಉಳಿದುಕೊಂಡಿತ್ತು.

ಕ್ಯಾಸೆಟ್ಟಿನ ಕಾಲ ಅಂದರೆ ನಮಗೆ ಭಾಗವತ ಕಾಳಿಂಗ ನಾವಡರ ಕಾಲ. ಇಲ್ಲಿಂದ ತೆಂಕಕ್ಕೆ ಕೋಟ, ಸಾಲಿಗ್ರಾಮ ದಾಟಿದರೆ ಗುಂಡ್ಮಿ, ಅವರ ಊರು. 1990ರಲ್ಲಿ ಅಪಘಾತದಲ್ಲಿ ಹೋದಾಗ ಅವರಿಗೆ ಮೂವತ್ತೆರಡರ ಆಸುಪಾಸು. ಅವರ ಪದಗಳ ಕ್ಯಾಸೆಟ್ಟಿಲ್ಲದ ಮನೆ ನಮ್ಮ ಬದಿಯಲ್ಲಿ ಇರಲಿಲ್ಲ. ಇದ್ದದ್ದು ಹೆಚ್ಚಿನವು ಪ್ರತಿಯ ಪ್ರತಿಯ ಪ್ರತಿ. ಟೇಪಿನಿಂದ ಟೇಪಿಗೆ ಹಾಕುವಾಗ ಪ್ರತಿ ಸಲವೂ ‘ಸ್ಸ್’ ಎನ್ನುವ ಸದ್ದು ಒಂದು ಪದರ ಹೆಚ್ಚುತ್ತದೆ, ಮೇಲಿನ ಸ್ವರ ಒಂದು ಪದರ ಸವೆಯುತ್ತದೆ. ಆ ಕಂಠ ಅಷ್ಟನ್ನೂ ಸೀಳಿಕೊಂಡು ಬರುತ್ತಿತ್ತು. ಈಗ ಹುಡುಗರು ಅವೇ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ, ಸ್ಸ್ ಸದ್ದನ್ನು ಪ್ಲಗಿನ್ನಿನಲ್ಲಿ ಗುಡಿಸಿ, ಮೇಲೊಂದು ದೊಡ್ಡ ರಿವರ್ಬ್ ಹೊದಿಸಿ ತರುತ್ತಾರೆ. ಗುಡಿಸುವುದಕ್ಕೆ ನನ್ನ ತಕರಾರಿಲ್ಲ, ಮಿತಿಯಲ್ಲಿದ್ದರೆ. ಹೆಚ್ಚು ಗುಡಿಸಿದರೆ ಕಸದ ಜೊತೆ ತಾಳದ ಝೇಂಕಾರವೂ ಹೋಗಿ, ಹಾಡುವವನು ನೀರಿನಡಿಯಿಂದ ಹಾಡಿದಂತೆ ಗುಳುಗುಳು ಆಗುತ್ತದೆ. ಹೊದಿಸುವುದು ಮಾತ್ರ ನನಗೆ ಸಹಿಸುವುದಿಲ್ಲ.

ಸಹಿಸುವುದಿಲ್ಲ ಎನ್ನುವ ನಾನೇ ಮಾಡದ ಪಾಪ ಇಲ್ಲ. ಮೊದಲ ಕಂಪ್ಯೂಟರು ಕೊಂಡ ಹೊಸತರಲ್ಲಿ ಯಾರೋ ಕೊಟ್ಟ ಒಂದು ಸಿ.ಡಿ.ಯಲ್ಲಿ ಕದ್ದ ಪ್ಲಗಿನ್ನುಗಳು ಇದ್ದವು, ಮುನ್ನೂರಕ್ಕೂ ಹೆಚ್ಚು. ಎಲ್ಲವನ್ನೂ ಹಾಕಿಕೊಂಡೆ. ಪ್ಲಗಿನ್ ಎಂಬ ವ್ಯವಸ್ಥೆಯೇ ಆಗ ಎಳೆಯದು: ಸ್ಟೈನ್‌ಬರ್ಗ್ ಕಂಪನಿ ವಿಎಸ್‌ಟಿ ಎಂಬ ಪದ್ಧತಿ ತಂದದ್ದು 1996ರಲ್ಲಿ. ಅಲ್ಲಿಂದ ಮುಂದೆ ಕಾಲು ಟನ್ನಿನ ತಗಡೂ, ಬಚ್ಚಲುಕೋಣೆಯೂ, ಟೇಪಿನ ಯಂತ್ರವೂ ಲೆಕ್ಕಗಳಾಗಿ ಪರದೆಯ ಮೇಲೆ ಬಂದು ಕೂತವು. ನನಗೆ ಹುಚ್ಚು ಹಿಡಿದಂತಾಯಿತು. ಒಬ್ಬ ಹಿರಿಯ ಭಾಗವತರ ಐದು ಪದ ರೆಕಾರ್ಡ್ ಮಾಡಿ, ಯುರೋಪಿನ ಯಾವುದೋ ಇಗರ್ಜಿಯ ಹೆಸರಿನ ರಿವರ್ಬ್ ಹಾಕಿ, ಹೆಮ್ಮೆಯಿಂದ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಕವಳ ಉಗಿದು ಬಂದು ಕೇಳಿದರು: "ಚಂದ ಇತ್ತ್. ಆರೆ ನಾ ಹಾಡದ್ದ್ ಬಾವಿಯೊಳ್ಗಾ ಮಾರಾಯಾ?"

ಆ ವಾರವೇ ಕದ್ದ ಪ್ಲಗಿನ್ನಿನ ಜೊತೆ ಬಂದ ವೈರಸ್ಸು ಡಿಸ್ಕನ್ನು ತಿಂದು ಹಾಕಿತು. ಐದು ಪದವೂ ಹೋಯಿತು. ಬಾವಿಗೇ ಬಿತ್ತು ಎನ್ನಿ.

ಭಾಗವತರ ಆ ಮಾತು ಬಹಳ ದಿನ ಕೊರೆಯಿತು. ಕೊನೆಗೆ ಒಂದು ದಿನ ಪರೀಕ್ಷೆಗೇ ಇಳಿದೆ. ಜಾಗವೊಂದರ ಪ್ರತಿಧ್ವನಿಯನ್ನು ಹಿಡಿದು ತರುವ ವಿದ್ಯೆ ಈಗ ಇದೆ, ಕನ್ವಲ್ಯೂಷನ್ ಎನ್ನುತ್ತಾರೆ. ಸೋನಿಯ ಯಂತ್ರವೊಂದು 1999ರಲ್ಲಿ, ಅಲ್ಟಿವರ್ಬ್ ಎಂಬ ಪ್ಲಗಿನ್ 2001ರಲ್ಲಿ ಇದನ್ನು ಬಳಕೆಗೆ ತಂದವು. ಆ ಜಾಗದಲ್ಲಿ ಒಂದು ಬಲೂನು ಒಡೆದು, ಅದರ ಹಿಂದೆ ಬರುವ ಮೊಳಗನ್ನು ರೆಕಾರ್ಡ್ ಮಾಡಿಕೊಂಡರೆ ಸಾಕು, ಯಾವ ದನಿಯನ್ನು ಬೇಕಾದರೂ ಆಮೇಲೆ ಅಲ್ಲಿ ಹಾಡಿದಂತೆ ಮಾಡಬಹುದು. ತಂಗಿಯ ಮಗನ ಹುಟ್ಟುಹಬ್ಬದಲ್ಲಿ ಉಳಿದ ಬಲೂನು ಹಿಡಿದು ನಾನೂ ಅವನೂ ಮೊದಲು ಮನೆಯ ಬಾವಿಗೆ ಹೋದೆವು. ಮುರಕಲ್ಲಿನ ಬಾವಿ, ನೀರು ತಳದಲ್ಲಿತ್ತು. ಮೈಕನ್ನು ಕೊಡಪಾನದಂತೆ ಇಳಿಸಿ ಬಲೂನು ಒಡೆದರೆ, ಆಹಾ, ಎರಡು ಸೆಕೆಂಡು ಮೊಳಗಿತು. ಆಮೇಲೆ ಕೊಯ್ಲಾದ ಗದ್ದೆಗೆ ಹೋದೆವು, ಹಿಂದೆ ನಮ್ಮ ಕೇರಿಯ ಹರಕೆ ಆಟ ಆಗುತ್ತಿದ್ದ ಗದ್ದೆಗೆ. ‘ಟಪ್’. ಅಷ್ಟೇ. ಪರದೆಯಲ್ಲಿ ನೋಡಿದರೆ ಒಂದು ಗೆರೆ, ಆಮೇಲೆ ಖಾಲಿ, ಸುಮಾರು 0.3 ಸೆಕೆಂಡಿನ ಹೊತ್ತಿಗೆ ಒಂದು ಇರುವೆಯಷ್ಟು ಗುರುತು. ಸದ್ದು ಸೆಕೆಂಡಿಗೆ 340 ಮೀಟರಿನಷ್ಟು ಓಡುತ್ತದೆ, ಹೋಗಿ ಬರುವ ಲೆಕ್ಕ ಹಾಕಿದರೆ ಐವತ್ತು ಮೀಟರಿನಾಚೆಯ ಟೆರೇಸ್ ಮನೆಯ ಗೋಡೆ ಅದು. ಅಜ್ಜಯ್ಯನ ಕಾಲದಲ್ಲಿ ಆ ಮನೆಯೂ ಇರಲಿಲ್ಲ.

ಅಲ್ಲಿಂದ ನಾನು ಪ್ಲಗಿನ್ ಆರಿಸುವ ರೀತಿ ಬದಲಾಯಿತು. ರೀಪರ್ ಎಂಬ ತಂತ್ರಾಂಶವನ್ನು ದುಡ್ಡು ಕೊಟ್ಟು ಕೊಂಡೆ, 60 ಡಾಲರ್. ವಿನ್‌ಆಂಪ್ ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರದ್ದೇ. ಅದರ ಜೊತೆ ಬರುವ ಪ್ಲಗಿನ್ನುಗಳೇ ನನಗೆ ಮುಕ್ಕಾಲು ಪಾಲು ಸಾಕು. ಮೊದಲು ಈಕ್ವಲೈಸರು: ತಳದಿಂದ ಎಂಬತ್ತು ಹರ್ಟ್ಸಿನವರೆಗೆ ಪದದ ಮೈಕಿನಲ್ಲಿ ಕತ್ತರಿಸುತ್ತೇನೆ. ಅಲ್ಲಿ ಭಾಗವತರು ಇರುವುದಿಲ್ಲ, ಹೆದ್ದಾರಿಯ ಲಾರಿ ಮಾತ್ರ ಇರುತ್ತದೆ. ಮದ್ದಳೆಯ ಮೈಕಿನಲ್ಲಿ ಹಾಗೆ ಕತ್ತರಿಸಲು ಕೈ ಬರುವುದಿಲ್ಲ, ಹಾರ್ನು ಕೊಂದ ಎಡದ ಗುಂಕಾರವನ್ನು ನಾನೂ ಕೊಲ್ಲುವುದೇ? ಕಂಪ್ರೆಸರಿನ ವಿಷಯದಲ್ಲಿ ಹುಡುಗರಿಗೆ ಬೈದು ಸಾಕಾಗಿದೆ. ಅದು ಜೋರನ್ನು ತಗ್ಗಿಸಿ ಎಲ್ಲವನ್ನೂ ಒಂದೇ ಎತ್ತರಕ್ಕೆ ತರುವ ಸಾಧನ. ಚಂಡೆಯ ಮೇಲೆ ಬೇಗ ಹಿಡಿಯುವಂತೆ ಇಟ್ಟರೆ ಕೋಲು ಚರ್ಮಕ್ಕೆ ತಾಗುವ ಆ ಮೊದಲ ಏಟನ್ನೇ ಅಮುಕುತ್ತದೆ. ಉಳಿಯುವುದು ಚಂಡೆಯಲ್ಲ, ಡಬ್ಬ. ಮೂವತ್ತು ಮಿಲಿಸೆಕೆಂಡು ತಡೆದು ಹಿಡಿ ಎಂದರೆ ಏಟು ದಾಟಿಹೋಗುತ್ತದೆ, ಆಮೇಲಿನ ಗದ್ದಲ ಮಾತ್ರ ತಗ್ಗುತ್ತದೆ.

ಅಪಶ್ರುತಿಯನ್ನು ಎಳೆದು ಸರಿ ಮಾಡುವ ಆಟೋಟ್ಯೂನ್ ನನ್ನ ಕೋಣೆಯಲ್ಲಿ ಇಲ್ಲ. ಅದನ್ನು 1997ರಲ್ಲಿ ತಂದ ಆ್ಯಂಡಿ ಹಿಲ್ಡೆಬ್ರಾಂಡ್ ಮೊದಲು ನೆಲದಡಿಯ ಎಣ್ಣೆ ಹುಡುಕುವವರಿಗಾಗಿ ಭೂಕಂಪನದ ಅಲೆಗಳ ಲೆಕ್ಕ ಹಾಕುತ್ತಿದ್ದವರು. ಜಾಣ ಯಂತ್ರವೇ. ಆದರೆ ಅದಕ್ಕೆ ಗೊತ್ತಿರುವುದು ಹಾರ್ಮೋನಿಯಂನ ಬಿಳಿ ಕಪ್ಪು ಮನೆಗಳು. ನಮ್ಮ ಭಾಗವತರು ಬಿಳಿಗೂ ಕಪ್ಪಿಗೂ ನಡುವಿನ ಓಣಿಯಲ್ಲಿ ಜಾರುತ್ತ ಹೋಗುವವರು. ಆ ಜಾರು ತಪ್ಪೆಂದು ತಿಳಿದು ಅದು ಮೆಟ್ಟಿಲು ಕಡಿಯುತ್ತದೆ.

ರಿವರ್ಬಿಗೆ ಹಳೆಯ ಫ್ರೀವರ್ಬಿನ ವಂಶದ್ದೇ ಒಂದು ಸಾಕು. ಬೆಲ್ ಲ್ಯಾಬಿನ ಮ್ಯಾನ್‌ಫ್ರೆಡ್ ಶ್ರೋಡರ್ 1962ರಲ್ಲಿ ಬರೆದ ಲೇಖನದಲ್ಲಿ ಸೆಕೆಂಡಿಗೆ ಸಾವಿರದಷ್ಟು ಪ್ರತಿಧ್ವನಿಗಳಾದರೂ ಬೇಕು, ಆಗ ಕಿವಿ ಅದನ್ನು ಕೋಣೆ ಎಂದು ನಂಬುತ್ತದೆ ಎಂದು ಲೆಕ್ಕ ಕೊಟ್ಟಿದ್ದ. ಅದೇ ಲೆಕ್ಕದ ಮೇಲೆ 2000ದ ಹೊತ್ತಿಗೆ ಯಾರೋ ಪುಣ್ಯಾತ್ಮ ಫ್ರೀವರ್ಬ್ ಬರೆದು ಎಲ್ಲರಿಗೂ ಪುಕ್ಕಟೆ ಬಿಟ್ಟ. ಅರ್ಧ ಸೆಕೆಂಡಿನಷ್ಟು ಬಾಲ, ನೂರಕ್ಕೆ ಎಂಟರಷ್ಟು ಬೆರಕೆ. ಹಾಕಿದ್ದು ಗೊತ್ತಾಗಬಾರದು, ತೆಗೆದರೆ ಮಾತ್ರ ಗೊತ್ತಾಗಬೇಕು. ಪೂರ್ತಿ ತೆಗೆಯುವುದಿಲ್ಲ ಏಕೆಂದರೆ ಇದನ್ನು ಕೇಳುವವರು ಕಿವಿಯೊಳಗೆ ಇಯರ್‌ಫೋನು ತುರುಕಿಕೊಂಡು ಬಸ್ಸಿನಲ್ಲಿ ಕೂತಿರುತ್ತಾರೆ. ಗದ್ದೆಯ ಗಾಳಿಯಾದರೂ ಅಷ್ಟು ಬೇಡವೇ ಅವರಿಗೆ.

ನವರಾತ್ರಿಯಲ್ಲಿ ನಮ್ಮ ಮನೆಗೆ ಹೂವಿನ ಕೋಲಿನ ಮಕ್ಕಳು ಬರುತ್ತಾರೆ. ನಿಂತೇ ಹೋಗಲಿದ್ದ ಈ ಪದ್ಧತಿಯನ್ನು ನಮ್ಮ ಕೊಮೆ-ತೆಕ್ಕಟ್ಟೆಯ ಯಶಸ್ವೀ ಕಲಾವೃಂದದಂಥವರು ಹಿಡಿದು ನಿಲ್ಲಿಸಿದ್ದಾರೆ. ಎದುರುಬದುರು ಕೂತು, ನಡುವೆ ಹೂ ಕಟ್ಟಿದ ಕೋಲಿಟ್ಟುಕೊಂಡು, ಪುಟ್ಟ ಬಾಯಲ್ಲಿ ದೊಡ್ಡ ಅರ್ಥ ಹೇಳುತ್ತಾರೆ. ಮೈಕಿಲ್ಲ. ಒಂದು ವರ್ಷ ನಾನು ಚಾವಡಿಯ ಮೂಲೆಯಲ್ಲಿ ಒಂದು ಮೈಕಿಟ್ಟು ಹಿಡಿದುಕೊಂಡೆ. ಹಂಚಿನ ಮಾಡು, ಮರದ ಅಟ್ಟ, ಕೂತ ಹೆಂಗಸರು, ಅಡುಗೆಕೋಣೆಯಲ್ಲಿ ಎಲ್ಲೋ ಒಂದು ಲೋಟ ಬಿದ್ದದ್ದು. ಅದಕ್ಕೆ ಒಂದೂ ಪ್ಲಗಿನ್ ಹಾಕಿಲ್ಲ. ಕೆಲಸ ಮುಗಿದ ರಾತ್ರಿ ಕಿವಿ ತೊಳೆದುಕೊಳ್ಳುವುದಕ್ಕೆ ಅದನ್ನು ಕೇಳುತ್ತೇನೆ.

ಮೊನ್ನೆ ಒಬ್ಬರು ತಮ್ಮ ಮನೆಯ ಹರಕೆ ಆಟದ ನೆನಪಿಗೆಂದು ನಾಲ್ಕು ಪದ ಮಾಡಿಸಿದರು. ಎರಡು ಪ್ರತಿ ಮಾಡಿ, ಆರಿಸಿಕೊಳ್ಳಲೆಂದು ಮೊಬೈಲಿಗೆ ಕಳಿಸಿದೆ. ಒಂದರ ಹೆಸರು ‘ಗದ್ದೆ’, ಇನ್ನೊಂದರ ಹೆಸರು ‘ಬಾವಿ’. ಎರಡನೆಯದಕ್ಕೆ ನಮ್ಮ ಮನೆಯ ಬಾವಿಯದ್ದೇ ಮೊಳಗು, ತಮಾಷೆಗೆ. ಅರ್ಧ ಗಂಟೆಯಲ್ಲಿ ಫೋನು ಬಂತು.

"ಹ್ವಾಯ್, ಎರಡ್ನೇದ್ ಲಾಯ್ಕಿತ್ತ್ ಮಾರ್ರೆ. ಹಳೇ ಕಾಲದ್ ಆಟ ಕೇಂಡಂಗೆ ಆಯ್ತ್."

ಬಾವಿಯನ್ನೇ ಕಳಿಸಿದೆ. ದುಡ್ಡು ಸಂಜೆಗೇ ಬಂತು.